ಬಳ್ಳಾರಿ ಜಾಲಿಯ ತವರು ಯಾವುದು?

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕರೆ ಸುಮ್ಮನೆ ಹೊರಗೆ ನೋಡುತ್ತ ಹೋಗಿ. ರಸ್ತೆಯ ಎರಡೂ ಬದಿ, ಒಣಗಿದ ಕೆರೆಯ ಅಂಗಳ, ಹೊಲದ ಬದು, ಹಾಳುಬಿದ್ದ ಗುಡಿಯ ಹಿತ್ತಲು, ರೈಲು ಹಳಿಯ ಅಂಚು, ಹೀಗೆ ಎಲ್ಲಿ ಬರಿನೆಲವಿದೆಯೋ ಅಲ್ಲೆಲ್ಲ ಒಂದೇ ಗಿಡ ಕಾಣುತ್ತದೆ. ಏಪ್ರಿಲ್ ತಿಂಗಳ ಬಿಸಿಲಿಗೆ ಸುತ್ತಲಿನ ಹುಲ್ಲೆಲ್ಲ ಸುಟ್ಟು ಬೂದಿಬಣ್ಣಕ್ಕೆ ತಿರುಗಿದ್ದರೂ ಇದು ಮಾತ್ರ ಹಸಿರಾಗಿರುತ್ತದೆ. ಯಾರೂ ನೆಡಲಿಲ್ಲ, ಯಾರೂ ನೀರೆರೆಯಲಿಲ್ಲ. ಕಡಿದವರು ಬಹಳ, ಆದರೆ ಕಡಿದು ಮುಗಿಸಿದವರಿಲ್ಲ.

ನಮ್ಮ ಬಯಲುಸೀಮೆಯ ಜನ ಇದನ್ನು ಬಳ್ಳಾರಿ ಜಾಲಿ ಎನ್ನುತ್ತಾರೆ. ಎರಡೇ ಪದಗಳ ಈ ಹೆಸರಿನಲ್ಲಿ ಎರಡು ತಪ್ಪುಗಳಿವೆ. ಇದರ ಮೂಲ ಬಳ್ಳಾರಿಯಲ್ಲ, ಮತ್ತು ಇದು ಜಾಲಿಯೂ ಅಲ್ಲ. ಆದರೂ ಈ ತಪ್ಪು ಹೆಸರಿನೊಳಗೆ ಸುಮಾರು ಒಂದೂವರೆ ಶತಮಾನದ ಚರಿತ್ರೆ ಅಡಗಿ ಕುಳಿತಿದೆ.

ಜಾಲಿಯಲ್ಲದ ಜಾಲಿ

ಮೊದಲು ಎರಡನೆಯ ತಪ್ಪನ್ನು ನೋಡೋಣ. ನಮ್ಮ ನೆಲದ ನಿಜವಾದ ಜಾಲಿ ಎಂದರೆ ಕರಿಜಾಲಿ. ಗೊಬ್ಬಳಿ ಎಂದೂ ಕರೆಯುವ ಈ ಮರದ ಹೂವು ಹಳದಿ ಬಣ್ಣದ ಪುಟ್ಟ ಗುಂಡು ಚೆಂಡು. ಕಾಯಿ ಮಣಿಸರದಂತೆ ನಡುನಡುವೆ ಸಣ್ಣಗಾಗಿರುತ್ತದೆ. ನೇಗಿಲಿಗೆ, ಗಾಡಿಯ ಚಕ್ರಕ್ಕೆ ಇದರ ಮರ, ಚರ್ಮ ಹದ ಮಾಡಲು ಇದರ ತೊಗಟೆ. ಬಳ್ಳಾರಿ ಜಾಲಿಯ ಹೂವನ್ನು ನೋಡಿ: ಅದು ಚೆಂಡಲ್ಲ, ಬೆರಳುದ್ದದ ತೆನೆ. ತಿಳಿಹಳದಿಯ ನೂರಾರು ಪುಟಾಣಿ ಹೂಗಳು ಒಂದು ಕಡ್ಡಿಯ ಸುತ್ತ ಒತ್ತೊತ್ತಾಗಿ ಕೂತಿರುತ್ತವೆ. ಸಸ್ಯಶಾಸ್ತ್ರಜ್ಞರು ಕೊಟ್ಟ ಜೂಲಿಫ್ಲೋರಾ ಎಂಬ ಹೆಸರು ಈ ತೆನೆಯಂಥ ಹೂಗೊಂಚಲನ್ನೇ ಹೇಳುತ್ತದೆ. ಕಾಯಿ ಚಪ್ಪಟೆ, ಹಣ್ಣಾದಾಗ ಹುಲ್ಲಿನ ಹಳದಿ ಬಣ್ಣ, ಕಚ್ಚಿದರೆ ಸಿಹಿ.

ಅವರೆ, ತೊಗರಿ, ಹುಣಸೆಗಳು ಸೇರಿರುವ ದ್ವಿದಳ ಕುಟುಂಬಕ್ಕೇ ಇದೂ ಸೇರಿದೆ. ಆ ಕುಟುಂಬದ ಅನೇಕ ಸದಸ್ಯರಂತೆ ಇದರ ಬೇರಿನಲ್ಲೂ ಗಂಟುಗಳಿದ್ದು, ಅಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಗೊಬ್ಬರವಿಲ್ಲದ ಸವಳು ನೆಲದಲ್ಲೂ ಇದು ನಳನಳಿಸಲು ಇದೊಂದು ಕಾರಣ. ಇನ್ನೊಂದು ಕಾರಣ ಬೇರಿನ ಆಳ. ಈ ಗುಂಪಿನ ಗಿಡಗಳಿಗೆ ಅಮೆರಿಕದಲ್ಲಿ ಮೆಸ್ಕೀಟ್ ಎಂಬ ಹೆಸರಿದೆ. 1960ರ ಸುಮಾರಿಗೆ ಅರಿಜೋನಾ ರಾಜ್ಯದ ಟೂಸಾನ್ ಬಳಿ ತೆರೆದ ಗಣಿಯೊಂದನ್ನು ಅಗೆಯುತ್ತಿದ್ದಾಗ ಮೆಸ್ಕೀಟಿನದೆಂದು ಗುರುತಿಸಲಾದ ಬೇರು ನೆಲದಿಂದ 53 ಮೀಟರ್ ಕೆಳಗೆ ಸಿಕ್ಕಿತು. ನಮ್ಮ ಊರುಗಳ ಎಷ್ಟೋ ತೆರೆದ ಬಾವಿಗಳು ಅದರ ಅರ್ಧದಷ್ಟೂ ಆಳವಿಲ್ಲ.

ಇನ್ನು ಜಾಲಿಯಲ್ಲದಿದ್ದರೆ ಇದು ಯಾರ ಬಳಗ? ಉತ್ತರ ಕೇಳಿದರೆ ನಮಗೆ ಅಚ್ಚರಿಯಾಗಬಹುದು. ಇದು ಬನ್ನಿಯ ದಾಯಾದಿ.

ಪೂಜೆ ಒಬ್ಬರಿಗೆ, ಶಾಪ ಒಬ್ಬರಿಗೆ

ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧಗಳನ್ನು ಬಚ್ಚಿಟ್ಟದ್ದು ಶಮೀವೃಕ್ಷದಲ್ಲಿ. ಆ ಶಮಿಯೇ ನಮ್ಮ ಬನ್ನಿ. ಮೈಸೂರಿನ ಜಂಬೂಸವಾರಿ ಮುಗಿಯುವುದು ಬನ್ನಿಮಂಟಪದಲ್ಲಿ. ಉತ್ತರ ಕರ್ನಾಟಕದಲ್ಲಿ ದಸರೆಯ ಸಂಜೆ ಹಿರಿಯರ ಕೈಗೆ ಬನ್ನಿಯ ಎಲೆ ಕೊಟ್ಟು, ಕಾಲುಮುಟ್ಟಿ, ಬಂಗಾರದಂತೆ ಇರೋಣ ಎಂದು ಹಾರೈಸಿಕೊಳ್ಳುವ ಪದ್ಧತಿ ಇಂದಿಗೂ ಇದೆ. ರಾಜಸ್ಥಾನದ ಮರುಭೂಮಿಯಲ್ಲಿ ಇದೇ ಮರ ಖೇಜಡಿ. ಅಲ್ಲಿ ಇದರ ಎಳೆಗಾಯಿಯನ್ನು ಒಣಗಿಸಿಟ್ಟುಕೊಂಡು ವರ್ಷವಿಡೀ ಪಲ್ಯ ಮಾಡುತ್ತಾರೆ. ಇದರ ನೆರಳಿನ ಕೆಳಗೆ ಸಜ್ಜೆ ಚೆನ್ನಾಗಿ ಬರುತ್ತದೆಂದು ರೈತರು ಹೊಲದ ನಡುವೆಯೇ ಮರವನ್ನು ಉಳಿಸಿಕೊಳ್ಳುತ್ತಾರೆ. 1730ರಲ್ಲಿ ಜೋಧಪುರದ ಅರಸನ ಆಳುಗಳು ಖೇಜಡ್ಲಿ ಗ್ರಾಮದಲ್ಲಿ ಈ ಮರಗಳನ್ನು ಕಡಿಯಲು ಬಂದಾಗ ಬಿಷ್ಣೋಯಿ ಪಂಥದ ಅಮೃತಾದೇವಿ ಮರವನ್ನು ತಬ್ಬಿ ನಿಂತು ಪ್ರಾಣ ಕೊಟ್ಟಳು. ಅಂದು ಸತ್ತವರು 363 ಜನ ಎಂದು ಆ ಸಮುದಾಯ ನೆನೆಯುತ್ತದೆ.

ಬನ್ನಿಯನ್ನೂ ಬಳ್ಳಾರಿ ಜಾಲಿಯನ್ನೂ ಸಸ್ಯಶಾಸ್ತ್ರಜ್ಞರು ಬಹುಕಾಲ ಪ್ರೊಸೊಪಿಸ್ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. ಹೂವಿನ ತೆನೆ ಎರಡಕ್ಕೂ ಒಂದೇ ಬಗೆಯದು. ಬೇರೆ ಮಾಡಿ ಗುರುತಿಸಬೇಕಾದರೆ ಮುಳ್ಳನ್ನು ನೋಡಬೇಕು. ಬಳ್ಳಾರಿ ಜಾಲಿಯ ಮುಳ್ಳು ಎಲೆ ಹುಟ್ಟುವ ಗೆಣ್ಣಿನಲ್ಲಿ, ಸಾಮಾನ್ಯವಾಗಿ ಜೋಡಿಯಾಗಿರುತ್ತದೆ. ಬನ್ನಿಯ ಮುಳ್ಳು ಚಿಕ್ಕದು, ಗೆಣ್ಣುಗಳ ನಡುವಿನ ಕಾಂಡದ ಮೇಲೆ ಅಲ್ಲೊಂದು ಇಲ್ಲೊಂದು ಚೆದುರಿರುತ್ತದೆ. 2022ರಲ್ಲಿ ವಿಜ್ಞಾನಿಗಳು ವಂಶವಾಹಿಗಳ ಆಧಾರದ ಮೇಲೆ ಈ ಕುಲವನ್ನು ಒಡೆದರು. ಬನ್ನಿ ಹಳೆಯ ಪ್ರೊಸೊಪಿಸ್ ಮನೆಯಲ್ಲೇ ಉಳಿಯಿತು. ಅಮೆರಿಕದ ಗಿಡ ನೆಲ್ಟುಮ ಎಂಬ ಬೇರೆ ಮನೆಗೆ ಹೋಯಿತು. ಜನರ ಮನಸ್ಸಿನಲ್ಲಿ ಎಂದೋ ಆಗಿದ್ದ ಪಾಲನ್ನು ಶಾಸ್ತ್ರ ಈಗ ಬರೆದುಕೊಂಡಿದೆ ಅಷ್ಟೆ.

ಸರ್ಕಾರ ಕರೆಸಿದ ಅತಿಥಿ

ಈಗ ಮೊದಲನೆಯ ತಪ್ಪಿಗೆ ಬರೋಣ. ಈ ಗಿಡದ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ. ಅಷ್ಟು ದೂರದ ಗಿಡಕ್ಕೆ ಬಳ್ಳಾರಿಯ ಹೆಸರು ಹೇಗೆ ಬಂತು?

1870ರ ದಶಕದ ಮದರಾಸು ಪ್ರಾಂತ್ಯವನ್ನು ನೆನೆದುಕೊಳ್ಳಿ. ಮದರಾಸಿನಿಂದ ಕಡಪ, ಗುಂತಕಲ್ಲುಗಳ ಮೂಲಕ ಬಂದ ರೈಲು ಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಮುಂಬಯಿಯ ಮಾರ್ಗವನ್ನು ಕೂಡಿತ್ತು. ಕಲ್ಲಿದ್ದಲು ದೂರದಿಂದ ಬರಬೇಕು, ದುಬಾರಿ. ಹಾಗಾಗಿ ದಕ್ಷಿಣದ ಉಗಿಬಂಡಿಗಳು ಹೆಚ್ಚಾಗಿ ಸೌದೆಯನ್ನೇ ತಿನ್ನುತ್ತಿದ್ದವು. ಹಳಿಯ ಅಡಿಗೆ ಹಾಕುವ ದಿಮ್ಮಿಗೂ ಕಾಡೇ ಗತಿ. ಮೊದಲೇ ಕುರುಚಲು ಕಾಡಿನ ಸೀಮೆ, ಅದೂ ಬೋಳಾಗತೊಡಗಿತು. ಅದೇ ಹೊತ್ತಿಗೆ ಬಂದದ್ದು 1876-78ರ ಮಹಾಕ್ಷಾಮ, ನಮ್ಮ ಹಿರಿಯರ ಬಾಯಲ್ಲಿ ಧಾತು ಸಂವತ್ಸರದ ಬರ. ಮದರಾಸು ಪ್ರಾಂತ್ಯದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಪಕ್ಕದ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ಮೀರಿದ್ದದ್ದು 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗೆ ಇಳಿದಿತ್ತು.

ಮಳೆಯಿಲ್ಲದೆಯೂ ಬೆಳೆಯುವ, ಬೇಗ ಸೌದೆ ಕೊಡುವ, ದನಕ್ಕೂ ಮೇವಾಗುವ ಮರ ಬೇಕೆಂಬ ಹುಡುಕಾಟಕ್ಕೆ ಇದು ಹಿನ್ನೆಲೆ. ಆಗ ಮದರಾಸಿನ ಅರಣ್ಯ ಇಲಾಖೆಯಲ್ಲಿದ್ದವರು ಕರ್ನಲ್ ರಿಚರ್ಡ್ ಹೆನ್ರಿ ಬೆಡ್ಡೋಮ್. ದಕ್ಷಿಣ ಭಾರತದ ಜರಿಗಿಡಗಳನ್ನೂ ಹಾವು ಹಲ್ಲಿಗಳನ್ನೂ ಅಭ್ಯಾಸ ಮಾಡಿ ಹೆಸರಾದ ವಿದ್ವಾಂಸ. ಪ್ರೊಸೊಪಿಸ್ ಬೀಜಗಳನ್ನು ತರಿಸಿಕೊಡಬೇಕೆಂದು 1876ರಲ್ಲಿ ಅವರು ಕೋಟೆಯ ಕಂದಾಯ ಕಾರ್ಯದರ್ಶಿಗೆ ಪತ್ರ ಬರೆದರು. ಬೀಜ ಜಮೈಕಾದಿಂದ ಬಂತು. 1877ರ ಹೊತ್ತಿಗೆ ಕಡಪ ಜಿಲ್ಲೆಯ ಕಮಲಾಪುರಂ ಬಳಿ ಅದನ್ನು ಬಿತ್ತಿದರು.

ಕಡಪ ಎಂದರೆ ನಮಗೆ ದೂರವೆನಿಸಬಹುದು. ಆಗ ಹಾಗಿರಲಿಲ್ಲ. 1800ರಲ್ಲಿ ನಿಜಾಮ ಕಂಪನಿ ಸರ್ಕಾರಕ್ಕೆ ಒಪ್ಪಿಸಿಕೊಟ್ಟ ದತ್ತಮಂಡಲದಲ್ಲಿ ಕಡಪವೂ ಇತ್ತು, ಬಳ್ಳಾರಿಯೂ ಇತ್ತು. ಅನಂತಪುರ ಬೇರೆ ಜಿಲ್ಲೆಯಾದದ್ದು 1882ರಲ್ಲಿ. ಅಲ್ಲಿಯವರೆಗೆ ಅದು ಬಳ್ಳಾರಿ ಜಿಲ್ಲೆಯದೇ ಭಾಗ. ಅಂದರೆ ಬೀಜ ಬಿದ್ದಾಗ ಕಡಪ ಮತ್ತು ಬಳ್ಳಾರಿ ಒಂದೇ ಬೇಲಿಯ ನೆರೆಹೊರೆ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದಕ್ಕೆ ಮುಂಚೆ ಮೈಸೂರಿನವರ ಕಣ್ಣಿಗೆ ಬಳ್ಳಾರಿ ಗಡಿಯಾಚೆಯ ಇಂಗ್ಲಿಷರ ಸೀಮೆ. ಗಿಡ ಆ ದಿಕ್ಕಿನಿಂದ ಬಂದದ್ದನ್ನು ಕಂಡವರು ಅದಕ್ಕೆ ಬಳ್ಳಾರಿಯ ಹೆಸರಿಟ್ಟಿರಬೇಕು. ಹುಟ್ಟೂರನ್ನು ತಿಳಿಯದಿದ್ದರೂ ಹಾದುಬಂದ ಊರನ್ನು ಹೆಸರು ನೆನಪಿಟ್ಟಿದೆ.

ಬೇರೆ ಭಾಷೆಗಳ ಹೆಸರುಗಳನ್ನೂ ಪಕ್ಕದಲ್ಲಿಟ್ಟು ನೋಡಿದರೆ ಕಥೆ ಇನ್ನೂ ಸ್ಪಷ್ಟವಾಗುತ್ತದೆ. ತೆಲುಗರು ಇದನ್ನು ಸರ್ಕಾರ್ ತುಮ್ಮ ಎನ್ನುತ್ತಾರೆ. ಎಂದರೆ ಸರ್ಕಾರಿ ಜಾಲಿ. ಯಾರು ತಂದರೆಂಬುದು ಅವರಿಗೆ ಮರೆತಿಲ್ಲ. ತಮಿಳರಿಗೆ ಇದು ಸೀಮೈ ಕರುವೇಲಂ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹುಣಸೆಗಳಲ್ಲಿ ಇರುವ ಅದೇ ಸೀಮೆ. ಹಿಂದಿಯಲ್ಲಿ ವಿಲಾಯತಿ ಕೀಕರ್. ಗುಜರಾತಿನವರು ಮಾತ್ರ ಅದರ ಊರನ್ನು ಬಿಟ್ಟು ಸ್ವಭಾವವನ್ನೇ ಹಿಡಿದರು. ಅವರಿಟ್ಟ ಹೆಸರು ಗಾಂಡೋ ಬಾವಳ, ಹುಚ್ಚು ಜಾಲಿ.

ಕರೆಸಿದ ಸರ್ಕಾರ ಇಂಗ್ಲಿಷರದು ಮಾತ್ರವಲ್ಲ. 1940ರಲ್ಲಿ ಜೋಧಪುರ ಸಂಸ್ಥಾನ ಇದನ್ನು ರಾಜವೃಕ್ಷವೆಂದು ಸಾರಿ, ನೆಟ್ಟು ಕಾಪಾಡುವಂತೆ ಪ್ರಜೆಗಳಿಗೆ ಹೇಳಿತು. ಬನ್ನಿಯನ್ನು ಕಡಿಯಲು ಹೋಗಿ ರಕ್ತ ಹರಿಸಿದ ಅದೇ ಸಂಸ್ಥಾನ, ಇನ್ನೂರು ವರ್ಷಗಳ ಮೇಲೆ ಬನ್ನಿಯ ಪರದೇಶಿ ದಾಯಾದಿಗೆ ಪಟ್ಟ ಕಟ್ಟಿತು. ಸ್ವಾತಂತ್ರ್ಯ ಬಂದ ಮೇಲೂ ನೆಡುವ ಉತ್ಸಾಹ ಕುಂದಲಿಲ್ಲ. 1960ರ ದಶಕದ ಆರಂಭದಲ್ಲಿ ಕಛ್‌ನ ರಣದ ಉಪ್ಪುನೆಲ ಮುಂದೆ ಹರಡದಂತೆ ತಡೆಯಲು ಬನ್ನಿ ಎಂಬ ವಿಶಾಲ ಹುಲ್ಲುಗಾವಲಿನ ಅಂಚಿನಲ್ಲಿ ಇದನ್ನು ಬೆಳೆಸಿದರು. ಹುಲ್ಲುಗಾವಲಿನ ಹೆಸರೂ ನಮ್ಮ ಮರದ ಹೆಸರೂ ಒಂದೇ ಆಗಿರುವುದು ಬರೀ ಕಾಕತಾಳೀಯ. ತಡೆಗೋಡೆಯಾಗಬೇಕಿದ್ದ ಗಿಡ ಹುಲ್ಲುಗಾವಲಿನೊಳಕ್ಕೇ ನುಗ್ಗಿತು.

ಬೀಜ ಬಂತು, ಅಡುಗೆ ಬರಲಿಲ್ಲ

ತವರಿನಲ್ಲಿ ಮೆಸ್ಕೀಟಿಗೆ ಇಂಥ ಕೆಟ್ಟ ಹೆಸರಿರಲಿಲ್ಲ. ಮೆಸ್ಕೀಟ್ ಎಂಬ ಮಾತೇ ಮೆಕ್ಸಿಕೊದ ಆಸ್ಟೆಕರ ನಾವಾಟಲ್ ಭಾಷೆಯದು. ಮೆಕ್ಸಿಕೊದ ಉತ್ತರದ ಮತ್ತು ಅರಿಜೋನಾದ ಮರುಭೂಮಿಯ ಮೂಲನಿವಾಸಿಗಳಿಗೆ ಇದರ ಸಿಹಿಗಾಯಿ ಹೊಟ್ಟೆಯ ಆಧಾರವಾಗಿತ್ತು. ಒಣಗಿದ ಕಾಯಿಯನ್ನು ಒರಳಿನಲ್ಲಿ ಕುಟ್ಟಿ, ಹಿಟ್ಟು ಮಾಡಿ, ಗಂಜಿ ಕಾಯಿಸಿ ಅಥವಾ ನಾದಿ ಉಂಡೆ ಕಟ್ಟಿ ತಿನ್ನುತ್ತಿದ್ದರು. ಪೆರು ದೇಶದಲ್ಲಿ ಇದೇ ಬಳಗದ ಇನ್ನೊಂದು ಮರದ ಕಾಯಿಯಿಂದ ಕಾಕಂಬಿಯಂಥ ಪಾಕ ತೆಗೆಯುತ್ತಾರೆ.

ಅಮೆರಿಕದಿಂದ ಬಂದ ಮೆಣಸಿನಕಾಯಿ ನಮ್ಮ ಅಡುಗೆಮನೆಯ ಯಜಮಾನಿಯಾಯಿತು. ಸೀಮೆಹುಣಸೆ ಶಾಲೆಯ ಮಕ್ಕಳ ಜೇಬು ಸೇರಿತು. ಆದರೆ ಬಳ್ಳಾರಿ ಜಾಲಿಯ ಕಾಯಿ ನಮ್ಮ ತಟ್ಟೆಗೆ ಬರಲೇ ಇಲ್ಲ. ಸೌದೆ ಬೇಕಾಗಿದ್ದ ಇಲಾಖೆ ಬೀಜವನ್ನು ಮಾತ್ರ ಹಡಗಿಗೆ ಹತ್ತಿಸಿತು. ಅದನ್ನು ತಿನ್ನುವ ಜನರ ಅರಿವನ್ನು ಯಾರೂ ಕೇಳಿ ತರಲಿಲ್ಲ. ಕ್ಷಾಮದ ಉತ್ತರವೆಂದು ಬಂದ ಮರವೊಂದು ಹಸಿದವರಿಗೆ ಊಟವಾಗದೆ ಹೋಯಿತು. ಜೋಧಪುರದ ಕೇಂದ್ರೀಯ ಶುಷ್ಕವಲಯ ಸಂಶೋಧನಾ ಸಂಸ್ಥೆಯವರು ಈ ಕಾಯಿಯನ್ನು ಪುಡಿಮಾಡಿ ಪಶುಆಹಾರಕ್ಕೆ ಬಳಸುವ ಬಗೆಯನ್ನು ತೋರಿಸಿದ್ದು ಎಷ್ಟೋ ಕಾಲದ ನಂತರ.

ತಿನ್ನುವವರು ಇರಲೇ ಇಲ್ಲವೆಂದಲ್ಲ. ಆಡು ಕುರಿಗಳು ತಿಂದವು, ದನ ತಿಂದವು. ಗಿಡಕ್ಕೆ ಬೇಕಾದದ್ದೂ ಅದೇ. ಸಿಹಿ ತಿರುಳಿನೊಳಗೆ ಪ್ರತಿ ಬೀಜಕ್ಕೂ ಒಂದು ಗಟ್ಟಿ ಕವಚವಿದೆ. ಹಲ್ಲಿಗೆ ಸಿಗದೆ ನುಂಗಿಹೋದ ಬೀಜ ಪ್ರಾಣಿಯ ಹೊಟ್ಟೆಯಲ್ಲಿ ಸಾಗುವಾಗ ಕವಚ ಮೆತ್ತಗಾಗುತ್ತದೆ. ಆಮೇಲೆ ಹಿಕ್ಕೆಯ ಗೊಬ್ಬರದ ಸಮೇತ ಮೈಲಿ ದೂರದ ಇನ್ನೊಂದು ಬಯಲಿಗೆ ಬೀಳುತ್ತದೆ. ಕುರುಬರ ಹಿಂಡು ನಡೆದ ದಾರಿಯೇ ಜಾಲಿ ನಡೆದ ದಾರಿಯೂ ಆಯಿತು. ತವರಿನಲ್ಲಿ ಇದರ ಬೀಜವನ್ನೇ ಕೊರೆದು ತಿನ್ನುವ ದುಂಬಿಗಳಿವೆ, ಅವು ಬೆಳೆಗೆ ಒಂದು ಮಿತಿ ಹಾಕುತ್ತವೆ. ಆ ಕಾವಲುಗಾರರು ಗಿಡದ ಸಂಗಡ ಬರಲಿಲ್ಲ. ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯದವರು ಅಂಥ ದುಂಬಿಗಳನ್ನು ಆಮೇಲೆ ತರಿಸಿ ಬಿಟ್ಟಿದ್ದಾರೆ.

ಒಲೆಯ ಋಣ

ಈ ಗಿಡವನ್ನು ಬೈಯುವ ಮೊದಲು ಒಂದು ಮಾತು ಹೇಳಲೇಬೇಕು. ಬಯಲುಸೀಮೆಯ ಲಕ್ಷಾಂತರ ಬಡವರ ಮನೆಯ ಒಲೆ ಉರಿದದ್ದು ಇದರ ಸೌದೆಯಿಂದ. ನಿಧಾನವಾಗಿ, ಒಂದೇ ಸಮನೆ ಉರಿಯುವ, ಕೆಂಡ ಬಹಳ ಹೊತ್ತು ನಿಲ್ಲುವ ಒಳ್ಳೆಯ ಸೌದೆ ಅದು. ಭೂಮಿಯಿಲ್ಲದವರಿಗೆ ಸಿಕ್ಕುತ್ತಿದ್ದ ಸೌದೆಯೂ ಅದೊಂದೇ. ಹೊಂಗೆಯಾಗಲಿ ಬೇವಾಗಲಿ ಕಡಿದರೆ ಕೇಳುವ ಒಡೆಯನಿರುತ್ತಾನೆ. ಬಳ್ಳಾರಿ ಜಾಲಿಯನ್ನು ಕಡಿದರೆ ಯಾರೂ ಕೇಳುವುದಿಲ್ಲ. ಒಂದು ಮಚ್ಚು, ಒಂದು ಹಗ್ಗ ಇದ್ದರೆ ಸಾಕು, ಸಂಜೆಯೊಳಗೆ ತಲೆಹೊರೆಯಷ್ಟು ಕಟ್ಟಿಗೆ. ಬುಡದಿಂದ ಕಡಿದ ಗಿಡ ಮತ್ತೆ ಹತ್ತು ಕವಲಾಗಿ ಚಿಗುರುವುದರಿಂದ ಈ ಖಜಾನೆ ಬರಿದಾದದ್ದೂ ಇಲ್ಲ. ಇಷ್ಟು ಸೌದೆ ಇಲ್ಲಿ ಸಿಗದಿದ್ದರೆ ಊರಾಚೆ ಉಳಿದಿದ್ದ ಕುರುಚಲು ಕಾಡಿಗೆ ಕೊಡಲಿ ಬೀಳುತ್ತಿತ್ತೆಂಬುದೂ ನಿಜ.

ಸೌದೆಯ ಜೊತೆಗೆ ಇದ್ದಿಲು. ಕಟ್ಟಿಗೆಯನ್ನು ಒಟ್ಟಿ, ಮೇಲೆ ಮಣ್ಣು ಮೆತ್ತಿ, ಗಾಳಿ ಹೆಚ್ಚು ಸೇರದಂತೆ ದಿನಗಟ್ಟಲೆ ಬೇಯಿಸಿದ ಈ ಇದ್ದಿಲು ಪೇಟೆಯ ಇಸ್ತ್ರಿ ಪೆಟ್ಟಿಗೆಗಳಿಗೆ, ಹೋಟೆಲಿನ ಒಲೆಗಳಿಗೆ ಹೋಗುತ್ತದೆ. ತಮಿಳುನಾಡಿನ ರಾಮನಾಥಪುರದಂಥ ಒಣ ಜಿಲ್ಲೆಯಲ್ಲಿ ಇದೇ ದೊಡ್ಡ ಕಸುಬು. ಇಟ್ಟಿಗೆ ಗೂಡುಗಳಿಗೂ ಇದೇ ಉರುವಲು. ಹೂವು ಜೇನಿಗೆ ಮಕರಂದ ಕೊಡುತ್ತದೆ. ಕಡಿದು ಒತ್ತಿದ ಕೊಂಬೆ ಹೊಲಕ್ಕೆ ಬೇಲಿಯಾಗುತ್ತದೆ. 2016ರ ನಂತರ ಉಜ್ವಲ ಯೋಜನೆಯ ಗ್ಯಾಸ್ ಸಿಲಿಂಡರು ಅನೇಕ ಗುಡಿಸಲುಗಳಿಗೂ ಬಂದಿದೆ. ಆದರೆ ಸಿಲಿಂಡರು ತುಂಬಿಸಲು ದುಡ್ಡಿಲ್ಲದ ತಿಂಗಳಲ್ಲಿ ಕೈ ಮತ್ತೆ ಮಚ್ಚಿನ ಕಡೆಗೇ ಹೋಗುತ್ತದೆ.

ಕೊಟ್ಟದ್ದು ಇಷ್ಟು. ಕಿತ್ತುಕೊಂಡದ್ದೂ ಕಡಿಮೆಯಲ್ಲ. ಕೆರೆಯ ಅಂಗಳದಲ್ಲಿ ಹಬ್ಬಿ ನೀರಿನ ಜಾಗವನ್ನು ನುಂಗುತ್ತದೆ. ಇದರ ತರಗೆಲೆಯಿಂದ ಇಳಿಯುವ ರಸ ಬೇರೆ ಬೀಜಗಳು ಮೊಳೆಯದಂತೆ ತಡೆಯುತ್ತದೆ. ಹಾಗಾಗಿ ಪೊದೆಯ ಕೆಳಗೆ ಹುಲ್ಲು ಬೆಳೆಯುವುದು ಅಪರೂಪ. ಹುಲ್ಲು ಹೋದ ಕಡೆ ಕೃಷ್ಣಮೃಗಕ್ಕೂ ದನಕ್ಕೂ ಮೇವಿಲ್ಲ. ಕಾಲಿಗೆ ಚುಚ್ಚಿದ ಮುಳ್ಳು ಕೀವು ತುಂಬಿಕೊಂಡು ವಾರಗಟ್ಟಲೆ ಕಾಡುವುದನ್ನು ಕುರಿಗಾಹಿಗಳೆಲ್ಲ ಬಲ್ಲರು. ಬೇರೆ ಮೇವಿಲ್ಲದೆ ಕಾಯಿಯನ್ನೇ ಬಹಳಕಾಲ ತಿಂದ ದನಗಳಿಗೆ ದವಡೆಯ ಸ್ನಾಯು ಸೊರಗುವ ರೋಗ ಬರುತ್ತದೆ. ಬ್ರೆಜಿಲ್ ದೇಶದಲ್ಲಿ ಇದಕ್ಕೆ ಸೊಟ್ಟಮೋರೆ ರೋಗ ಎಂದೇ ಹೆಸರು. ಕೀನ್ಯಾದ ಬರಿಂಗೊ ಸರೋವರದ ಬಳಿಯ ಪಶುಪಾಲಕರು ಈ ಗಿಡವನ್ನು ತಂದು ನೆಟ್ಟದ್ದಕ್ಕಾಗಿ ಸರ್ಕಾರದ ಮೇಲೆ ಮೊಕದ್ದಮೆ ಹೂಡಿದರು. ಸಿಹಿಗಾಯಿ ತಿಂದು ಹಲ್ಲು ಕಳೆದುಕೊಂಡ ಆಡನ್ನೇ ಸಾಕ್ಷಿಯೆಂದು ನ್ಯಾಯಾಲಯಕ್ಕೆ ಕರೆತಂದರು.

ಕೀಳುವ ಮುನ್ನ

ನಮ್ಮಲ್ಲೂ ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ತಮಿಳುನಾಡಿನಲ್ಲಿ ಸೀಮೈ ಕರುವೇಲಂ ಅಂತರ್ಜಲವನ್ನು ಹೀರುತ್ತಿದೆ ಎಂಬ ದೂರಿನ ಮೇಲೆ ಮದರಾಸು ಉಚ್ಚ ನ್ಯಾಯಾಲಯದ ಮಧುರೆ ಪೀಠ ಅದನ್ನು ಬೇರುಸಹಿತ ತೆಗೆಯಲು ಆದೇಶಿಸಿತು. 2017ರಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ಆ ಕೆಲಸ ಭರದಿಂದ ನಡೆಯಿತು. ಅದೇ ವರ್ಷ, ಮೊದಲು ವೈಜ್ಞಾನಿಕ ಅಧ್ಯಯನವಾಗಲಿ ಎಂಬ ವಾದ ಎದ್ದು ಕೆಲಕಾಲ ತಡೆಯಾಜ್ಞೆಯೂ ಬಂತು. 2022ರಲ್ಲಿ ಆ ರಾಜ್ಯ ಆಕ್ರಮಣಕಾರಿ ಸಸ್ಯಗಳ ಬಗ್ಗೆ ಒಂದು ನೀತಿಯನ್ನೇ ರೂಪಿಸಿತು. ಕರ್ನಾಟಕದಲ್ಲೂ ಕೆರೆ ಹೂಳೆತ್ತುವಾಗಲೆಲ್ಲ ಮೊದಲು ಜೆಸಿಬಿ ಇಳಿಯುವುದು ಜಾಲಿಯ ಮೇಲೆ.

ಕೀಳುವುದು ತಪ್ಪಲ್ಲ. ಕಿತ್ತು ಕೈತೊಳೆದುಕೊಳ್ಳುವುದು ತಪ್ಪು. ಮಣ್ಣಿನಲ್ಲಿ ಉಳಿದ ಬೀಜ ವರ್ಷಗಳ ಮೇಲೂ ಮೊಳೆಯಬಲ್ಲದು. ತೆರವಾದ ನೆಲದಲ್ಲಿ ಬೇರೆ ಗಿಡ, ಬೇರೆ ಹುಲ್ಲು ನೆಲೆಯೂರುವ ತನಕ ಸಸಿಗಳನ್ನು ಕೀಳುತ್ತಲೇ ಇರಬೇಕು. ಇಲ್ಲವಾದರೆ ಎರಡು ಮಳೆಗಾಲದೊಳಗೆ ಅದೇ ಜಾಗದಲ್ಲಿ ಅದೇ ಪೊದೆ. ಇದಕ್ಕಿಂತ ದೊಡ್ಡ ಪ್ರಶ್ನೆ ಒಲೆಯದು. ಕಿತ್ತ ಜಾಗದಲ್ಲಿ ಏನು ನೆಡುತ್ತೀರಿ, ಅಲ್ಲಿಯವರೆಗೆ ಕಟ್ಟಿಗೆ ಎಲ್ಲಿಂದ ತರಲಿ ಎಂದು ಊರಿನ ಬಡ ಹೆಂಗಸು ಕೇಳಿದರೆ ಉತ್ತರ ಸಿದ್ಧವಿರಬೇಕು.

ಗಿಡಗಳಲ್ಲಿ ದುಷ್ಟ ಗಿಡ, ಸಜ್ಜನ ಗಿಡ ಎಂದಿಲ್ಲ. ನಮ್ಮ ಗೊಬ್ಬಳಿಯನ್ನೇ ನೋಡಿ. 1890ರ ದಶಕದಲ್ಲಿ ನೆರಳಿಗೂ ಮೇವಿಗೂ ಆಗುತ್ತದೆಂದು ಅದನ್ನು ಆಸ್ಟ್ರೇಲಿಯಕ್ಕೆ ಒಯ್ದರು. ಇಂದು ಕ್ವೀನ್ಸ್‌ಲ್ಯಾಂಡಿನ ಹುಲ್ಲುಗಾವಲುಗಳ ರೈತರು ಭಾರತದಿಂದ ಬಂದ ಆ ಮುಳ್ಳುಮರವನ್ನು, ನಾವು ಬಳ್ಳಾರಿ ಜಾಲಿಯನ್ನು ಬೈಯುವ ಮಾತುಗಳಲ್ಲೇ ಬೈಯುತ್ತಾರೆ. ಇಲ್ಲಿ ನೇಗಿಲಾದ ಮರ ಅಲ್ಲಿ ಕಳೆ. ಅಲ್ಲಿ ಅನ್ನವಾದ ಮರ ಇಲ್ಲಿ ಕಳೆ. ಎರಡನ್ನೂ ಸಾಗಿಸಿದ್ದು ಒಂದೇ ಕಾಲದ ಒಂದೇ ಅವಸರ. ಬೇಗ ಬೆಳೆಯುವುದೇನೆಂದು ಕೇಳಿದರು, ಬೆಳೆದ ಮೇಲೆ ಏನಾಗುತ್ತದೆಂದು ಕೇಳಲಿಲ್ಲ. 1877ರ ಹೊತ್ತಿಗೆ ಅವಸರದಲ್ಲಿ ನೆಟ್ಟದ್ದನ್ನು ನಾವು ಅಷ್ಟೇ ಅವಸರದಲ್ಲಿ ಕಿತ್ತರೆ, ಮುಂದಿನವರು ನಮ್ಮ ಬಗ್ಗೆಯೂ ಇದೇ ಮಾತು ಬರೆದಾರು.

ಈ ದಸರೆಗೆ ಬನ್ನಿ ಮುಡಿಯಲು ಊರಾಚೆಯ ಬನ್ನಿಕಟ್ಟೆಗೆ ಹೋದಾಗ ಸುತ್ತ ಒಮ್ಮೆ ಕಣ್ಣಾಡಿಸಿ. ಕಟ್ಟೆಯ ಮೇಲೆ ಒಂದೇ ಒಂದು ಮುದಿ ಬನ್ನಿ, ಕಟ್ಟೆಯ ಕೆಳಗೆ ಸುತ್ತಲೂ ಬಳ್ಳಾರಿ ಜಾಲಿ ಕಂಡರೆ ಆಶ್ಚರ್ಯವಿಲ್ಲ. ಬನ್ನಿ ನಿಧಾನವಾಗಿ ಬೆಳೆಯುವ ಮರ. ಇಂದು ಒಂದು ಸಸಿ ನೆಟ್ಟರೆ ಅದರ ಎಲೆಯನ್ನು ಹಿರಿಯರ ಕೈಗೆ ಕೊಡುವವರು ನಮ್ಮ ಮೊಮ್ಮಕ್ಕಳು.